ಪದಮೂಲವೂ ಪದಾರ್ಥವೂ: ಇಂಗ್ಲಿಷಿನ ಲ್ಯಾಟಿನ್ ಶಬ್ದಗಳನ್ನು ಕುರಿತು ಒಂದು ವಿವೇಚನೆ

ಶಬ್ದದ ಮೂಲವನ್ನು ಕಂಡುಕೊಂಡರೆ ಅದರ ಅರ್ಥವೂ ಕೈಗೆ ಸಿಕ್ಕಂತೆಯೇ ಎಂಬ ಭಾವನೆ ನಮ್ಮ ಪಂಡಿತಪರಂಪರೆಗೆ ಹೊಸದಲ್ಲ. ಯಾಸ್ಕನ ನಿರುಕ್ತವು ವೇದದ ಶಬ್ದಗಳನ್ನು ಧಾತುಗಳಾಗಿ ಒಡೆದು ನೋಡಿತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಧಾತುಗಳಿಗೆ ಒಂದು ಪ್ರಕರಣವನ್ನೂ ಅಪಭ್ರಂಶಗಳಿಗೆ ಇನ್ನೊಂದನ್ನೂ ಮೀಸಲಿಟ್ಟನು. ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದ ಫರ್ಡಿನಂಡ್ ಕಿಟ್ಟೆಲ್ಲರ ನಿಘಂಟು, ‘ಕಸ್ತೂರಿ’ಯ ಪಾ. ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’, ಜಿ. ವೆಂಕಟಸುಬ್ಬಯ್ಯನವರು ೧೯೯೧ರಿಂದ ‘ಪ್ರಜಾವಾಣಿ’ಯಲ್ಲಿ ಬರೆದ ‘ಇಗೋ ಕನ್ನಡ’ — ಇವೆಲ್ಲವೂ ಈ ಕುತೂಹಲವನ್ನು ವಿದ್ವಾಂಸರ ಮೇಜಿನಿಂದ ಸಾಮಾನ್ಯ ಓದುಗನ ಮನೆಗೆ ತಂದವು.

ಈ ಕುತೂಹಲಕ್ಕೆ ಈಚೆಗೆ ಇನ್ನೊಂದು ಕವಲು ಒಡೆದಿದೆ. ಇಂಗ್ಲಿಷ್ ಶಬ್ದಗಳನ್ನು ಅವುಗಳ ಲ್ಯಾಟಿನ್ ಮೂಲದ ಮೂಲಕ ಕಲಿಸುವ ಪದ್ಧತಿಯೇ ಅದು. ಠಾಣೆ, ಕಲ್ಯಾಣ, ಡೊಂಬಿವಲಿ, ಬೇಲಾಪುರಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳ ಅನೇಕ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಬೀದಿಯಲ್ಲಿ ಮರಾಠಿ ಹಿಂದಿಗಳನ್ನೂ ಮನೆಯಲ್ಲಿ ಮಾತ್ರ ಕನ್ನಡವನ್ನೂ ಆಡುವವರು. ಸ್ಪರ್ಧಾ ಪರೀಕ್ಷೆಗೆ ಕುಳಿತುಕೊಳ್ಳುವ ಇಂಥ ವಿದ್ಯಾರ್ಥಿಗೆ ಲ್ಯಾಟಿನ್ ಧಾತುಗಳ ಪಟ್ಟಿಯೊಂದು ಕೈಗೆ ಬರುತ್ತದೆ; ಧಾತುವೊಂದನ್ನು ಕಲಿತರೆ ಹತ್ತು ಶಬ್ದಗಳು ಕೈವಶವಾಗುವುವೆಂಬ ಭರವಸೆಯೂ ಅದರೊಡನೆ ಬರುತ್ತದೆ. ಪದ್ಧತಿ ನಿಷ್ಪ್ರಯೋಜಕವೆಂದು ಯಾರೂ ಹೇಳಲಾರರು. ಆದರೆ ಅದು ನಡೆಯುತ್ತಿರುವ ಬಗೆಯಲ್ಲಿ ಎರಡು ದೋಷಗಳಿವೆ. ಮೂಲವನ್ನೇ ಅರ್ಥವೆಂದು ಗ್ರಹಿಸುವುದು ಮೊದಲನೆಯದು. ಈ ವಿಚಾರದಲ್ಲಿ ಕನ್ನಡಕ್ಕೆ ಹೇಳಲು ಏನೂ ಇಲ್ಲವೆಂದು ಭಾವಿಸಿ ಅದನ್ನು ಬಾಗಿಲ ಹೊರಗೆ ನಿಲ್ಲಿಸುವುದು ಎರಡನೆಯದು. ಮೊದಲನೆಯದರಿಂದ ಇಂಗ್ಲಿಷ್ ಜ್ಞಾನಕ್ಕೆ ಕುಂದು. ಎರಡನೆಯದರಿಂದ ಕನ್ನಡದ ಮಾನಕ್ಕೆ ಕುಂದು.

೧

ಮೂಲಜ್ಞಾನದಿಂದ ಲಾಭವೇನೆಂಬುದನ್ನು ಮೊದಲು ನೋಡಬಹುದು. ಅದಕ್ಕೆ ಬೇಲಾಪುರದ ರಸ್ತೆಯ ಫಲಕಗಳಷ್ಟೇ ಸಾಕು. ೧೯೭೦ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ನವೀ ಮುಂಬಯಿಯನ್ನು ‘ನೋಡ್’ಗಳೆಂದೂ ‘ಸೆಕ್ಟರ್’ಗಳೆಂದೂ ವಿಭಾಗಿಸಿತು. ಕನ್ನಡ ಕಿವಿಗೆ ‘ಬೇಲಾಪುರ ನೋಡ್’ ಎಂಬುದು ಊರನ್ನು ನೋಡೆಂಬ ಆಜ್ಞೆಯಂತೆ ಕೇಳಿಸೀತು. ಆದರೆ ಆ ಶಬ್ದ ಲ್ಯಾಟಿನ್ನಿನ ‘ನೋದುಸ್’, ಎಂದರೆ ಗಂಟು. ಸಸ್ಯಶಾಸ್ತ್ರದಲ್ಲಿ ಕಾಂಡದಿಂದ ಎಲೆ ಮೂಡುವ ಸ್ಥಾನಕ್ಕೆ ಇದೇ ಹೆಸರು. ಕನ್ನಡದ ರೈತನು ಅದನ್ನು ‘ಗೆಣ್ಣು’ ಎನ್ನುತ್ತಾನೆ. ನೆಟ್ಟ ಕಬ್ಬಿನ ತುಂಡು ಚಿಗುರುವುದು ಗೆಣ್ಣಿನಿಂದಲೇ. ಯೋಜಿತ ನಗರದ ಒಂದೊಂದು ಗಂಟಿನಿಂದಲೂ ಹೊಸ ಬಡಾವಣೆ ಚಿಗುರಲೆಂಬ ಆಶಯಕ್ಕೆ ‘ಗೆಣ್ಣು’ ಎಂಬುದಕ್ಕಿಂತ ತಕ್ಕ ಶಬ್ದ ದೊರಕುವುದು ಕಷ್ಟ.

‘ಸೆಕ್ಟರ್’ ಎಂಬುದು ‘ಸೆಕಾರೆ’, ಎಂದರೆ ಕತ್ತರಿಸು, ಎಂಬ ಧಾತುವಿನದು. ಕಾಯಿದೆಯ ‘ಸೆಕ್ಷನ್’ ಇದೇ ಮನೆತನಕ್ಕೆ ಸೇರಿದುದು. ಮೈ ತುಂಡುತುಂಡಾಗಿ ಕಾಣುವ ಕೀಟಕ್ಕೆ ‘ಇನ್ಸೆಕ್ಟ್’ ಎಂಬ ಹೆಸರು ಬಂದುದೂ ಇದರಿಂದಲೇ. ಬಡಾವಣೆ, ಕಲಮು, ಕೀಟ — ಅರ್ಥದಲ್ಲಿ ಪರಸ್ಪರ ಸಂಬಂಧವಿಲ್ಲದ ಈ ಮೂರನ್ನು ಮೂಲಜ್ಞಾನವು ಒಂದು ದಾರದಲ್ಲಿ ಪೋಣಿಸುತ್ತದೆ. ನೆನಪಿಗೆ ಇದರಿಂದಾಗುವ ಸಹಾಯ ಸಣ್ಣದಲ್ಲ.

ಅದೇ ಊರಿನ ‘ಸಿಬಿಡಿ’ ಎಂಬ ಮೂರಕ್ಷರಗಳ ಹೆಸರು ಇನ್ನೂ ಹೆಚ್ಚಿನ ಪಾಠ ಹೇಳುತ್ತದೆ. ‘ಸೆಂಟ್ರಲ್ ಬಿಸಿನೆಸ್ ಡಿಸ್ಟ್ರಿಕ್ಟ್’ ಎಂಬ ಮೂರು ಮಾತುಗಳಲ್ಲಿ ‘ಬಿಸಿನೆಸ್’ ಲ್ಯಾಟಿನ್ನಿನದೇ ಅಲ್ಲ. ಅಚ್ಚ ಹಳೆಯ ಇಂಗ್ಲಿಷಿನದು. ‘ಡಿಸ್ಟ್ರಿಕ್ಟ್’ ಮಧ್ಯಯುಗದ ಲ್ಯಾಟಿನ್ನಿನಿಂದ ಬಂದುದು. ತಡೆದು ಹಿಡಿಯುವ ಅಧಿಕಾರವೂ ಆ ಅಧಿಕಾರ ನಡೆಯುವ ಪ್ರದೇಶವೂ ಅದರ ಅರ್ಥ. ಅದಕ್ಕೆ ನಾವು ಹೇಳುವ ‘ಜಿಲ್ಲೆ’ ಅರಬ್ಬಿಯದು. ಪಕ್ಕೆಲುಬು, ಪಕ್ಕ ಎಂಬುದು ಅದರ ಮೊದಲ ಅರ್ಥ. ಇನ್ನು ‘ಸೆಂಟ್ರಲ್’ ಲ್ಯಾಟಿನ್ನಿನ ‘ಕೆಂತ್ರುಂ’ ಎಂಬುದರಿಂದ ಬಂದಿದ್ದರೂ ಲ್ಯಾಟಿನ್ನೇ ಅದನ್ನು ಗ್ರೀಕಿನ ‘ಕೆಂತ್ರೋನ್’ ಎಂಬುದರಿಂದ ಸಾಲ ತಂದಿತ್ತು. ಚುಚ್ಚುವ ಮೊನೆ, ವೃತ್ತವನ್ನೆಳೆಯುವಾಗ ಊರುವ ಬಿಂದು ಎಂದು ಅದರ ಅರ್ಥ. ಅದೇ ಗ್ರೀಕ್ ಶಬ್ದ ಜ್ಯೋತಿಷದ ಜೊತೆಯಲ್ಲಿ ಭಾರತಕ್ಕೂ ಬಂದು ಸಂಸ್ಕೃತದಲ್ಲಿ ‘ಕೇಂದ್ರ’ವಾಯಿತು. ‘ಸೆಂಟ್ರಲ್’ ಎಂಬ ಪರಕೀಯ ಶಬ್ದದ ಬದಲು ಶುದ್ಧ ದೇಶೀಯವಾದ ‘ಕೇಂದ್ರೀಯ’ವನ್ನು ಬಳಸಬೇಕೆನ್ನುವವರು ಒಂದೇ ಗ್ರೀಕ್ ಮನೆಯ ಒಬ್ಬ ಮಗನನ್ನು ಹೊರದೂಡಿ ಇನ್ನೊಬ್ಬನನ್ನು ಒಳಕರೆದಂತಾಗುತ್ತದೆ. ಮೂಲಜ್ಞಾನದ ನಿಜವಾದ ಲಾಭವಿರುವುದು ಇಲ್ಲಿ. ಅದು ಗರ್ವವನ್ನು ಇಳಿಸುತ್ತದೆ.

೨

ಲ್ಯಾಟಿನ್ ಶಬ್ದಗಳನ್ನು ವಿವರಿಸುವಾಗ ಸಂಸ್ಕೃತದ ನೆರವನ್ನು ಪಡೆಯುವುದು ವಾಡಿಕೆ. ಎರಡೂ ಒಂದೇ ಕುಲದವಾದುದರಿಂದ ಅದು ಸಹಜವೂ ಹೌದು. ಸಪ್ತ, ಅಷ್ಟ, ನವ, ದಶಗಳನ್ನು ಬಲ್ಲವನಿಗೆ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ತಿಂಗಳುಗಳು ರೋಮನರ ಹಳೆಯ ಎಣಿಕೆಯಲ್ಲಿ ಏಳರಿಂದ ಹತ್ತನೆಯವೆಂದು ಹೇಳಿಕೊಡಬೇಕಾಗಿಲ್ಲ. ಈ ಸಂಬಂಧದ ಅತ್ಯಂತ ಸ್ವಾರಸ್ಯವಾದ ನಿದರ್ಶನ ದಿನವೂ ರಸ್ತೆಯ ಮೇಲೆ ಓಡಾಡುತ್ತಿರುತ್ತದೆ. ೧೮೨೦ರ ದಶಕದಲ್ಲಿ ಫ್ರಾನ್ಸಿನಲ್ಲಿ ಸರ್ವರೂ ಹತ್ತಬಹುದಾದ ಕುದುರೆಗಾಡಿಗೆ ‘ಓಮ್ನಿಬುಸ್’ ಎಂಬ ಹೆಸರು ಬಂದಿತು. ‘ಎಲ್ಲರಿಗೆ’ ಎಂದು ಅದರ ಅರ್ಥ. ಬಳಕೆಯಲ್ಲಿ ಸವೆದು ಉಳಿದ ‘ಬಸ್’ ಎಂಬುದು ಕೇವಲ ಚತುರ್ಥೀ ಬಹುವಚನದ ಪ್ರತ್ಯಯ. ಸಂಸ್ಕೃತದ ‘ಸರ್ವೇಭ್ಯಃ’ ಎಂಬಲ್ಲಿನ ‘ಭ್ಯಃ’ ಎಂಬುದಕ್ಕೆ ಬಂಧುವಾದುದು. ‘ಎಲ್ಲರಿಗೆ’ ಎಂಬ ಮಾತಿನಲ್ಲಿ ‘ಎಲ್ಲ’ ಹೋಗಿ ‘ರಿಗೆ’ ಎಂಬುದಷ್ಟೇ ಉಳಿದು, ಅದೇ ವಾಹನದ ಹೆಸರಾದಂತೆ.

ಆದರೆ ಸಂಸ್ಕೃತ ಮುಗಿದಲ್ಲಿ ವಿವರಣೆಯೂ ಮುಗಿಯಿತೆಂದು ಭಾವಿಸುವುದು ತಪ್ಪು. ಅನೇಕ ಕಡೆ ಲ್ಯಾಟಿನ್ನಿನ ಒಳಮನಸ್ಸನ್ನು ಕನ್ನಡವೇ ಹೆಚ್ಚು ಚೆನ್ನಾಗಿ ತೆರೆದು ತೋರುತ್ತದೆ. ಇಂಗ್ಲಿಷಿನ ‘ವರ್ಸ್’, ಎಂದರೆ ಪದ್ಯ, ಲ್ಯಾಟಿನ್ನಿನ ‘ವೆರ್ಸುಸ್’ ಎಂಬುದರಿಂದ ಬಂದುದು. ಉಳುವಾಗ ನೇಗಿಲು ಹೊಲದ ತುದಿಯಲ್ಲಿ ತಿರುಗಿ ಬಂದು ಗೀರುವ ಗೆರೆಗೂ ಬರೆಹದ ಪಂಕ್ತಿಗೂ ರೋಮನರು ಅದೊಂದೇ ಶಬ್ದವನ್ನು ಬಳಸಿದರು. ಇದನ್ನು ‘ಪದ್ಯ’ವೆಂದು ಅನುವಾದಿಸಿದರೆ ಕಥೆಯೆಲ್ಲ ಮಾಯವಾಗುತ್ತದೆ, ‘ಸಾಲು’ ಎಂದರೆ ಪೂರ್ತಿಯಾಗಿ ಉಳಿಯುತ್ತದೆ. ಉತ್ತ ಸಾಲು, ಬರೆದ ಸಾಲು ಎರಡೂ ಕನ್ನಡಿಗನ ಬಾಯಲ್ಲಿ ಇಂದಿಗೂ ಒಂದೇ. ಜ್ವರದ ಬಡಬಡಿಕೆಯನ್ನು ಹೇಳುವ ‘ಡಿಲಿರಿಯಂ’ ಎಂಬುದಕ್ಕೂ ಇದೇ ಹೊಲವೇ ತವರು. ‘ಲೀರಾ’ ಎಂದರೆ ಸಾಲುಗಳ ನಡುವಣ ದಿಂಡು. ಅದನ್ನು ಬಿಟ್ಟು ಸರಿಯುವುದೇ ಡಿಲಿರಿಯಂ. ನೇಗಿಲು ಸಾಲು ತಪ್ಪಿದಂತೆ ಮಾತು ಸಾಲು ತಪ್ಪುತ್ತದೆ.

‘ರೈವಲ್’ ಎಂಬ ಶಬ್ದವನ್ನು ತೆಗೆದುಕೊಳ್ಳಿ. ‘ರೀವುಸ್’ ಎಂದರೆ ಹಳ್ಳ, ಕಾಲುವೆ. ‘ರೀವಾಲಿಸ್’ ಎಂದರೆ ಒಂದೇ ಕಾಲುವೆಯ ನೀರನ್ನು ಹಂಚಿಕೊಳ್ಳುವವನು. ಪಾಲುದಾರನಿಗೆ ಹೇಳಿದ ಹೆಸರು ಎದುರಾಳಿಯ ಹೆಸರಾದುದು ಹೇಗೆಂದು ಕನ್ನಡಿಗನಿಗೆ ವಿವರಿಸಬೇಕಾಗಿಲ್ಲ. ‘ದಾಯಾದಿ’ ಎಂಬ ಮಾತು ಅವನಲ್ಲಿ ಇದೆ. ದಾಯದಲ್ಲಿ ಪಾಲುಳ್ಳವನೆಂದು ಶಬ್ದಾರ್ಥ. ಬಳಕೆಯಲ್ಲಿ ತೀರದ ಹಗೆ. ರೋಮಿನ ಕಾಲುವೆಯ ದಂಡೆಯಲ್ಲಿಯೂ ಕರ್ಣಾಟಕದ ಮನೆಯಂಗಳದಲ್ಲಿಯೂ ಮನುಷ್ಯಸ್ವಭಾವ ಒಂದೇ ಹಾದಿಯಲ್ಲಿ ನಡೆದು ಭಾಷೆಯಲ್ಲಿ ಒಂದೇ ಹೆಜ್ಜೆಯ ಗುರುತನ್ನು ಉಳಿಸಿತು. ‘ಎಕ್ಸಾಮಿನ್’ ಎಂಬ ಕ್ರಿಯೆಯೂ ಇಂಥದೇ. ‘ಎಕ್ಸಾಮೆನ್’ ಎಂದರೆ ತಕ್ಕಡಿಯ ಮುಳ್ಳು. ‘ಪರೀಕ್ಷೆ’ಯಲ್ಲಿರುವುದು ಸುತ್ತಲೂ ನೋಡುವ ಕಣ್ಣು, ಕನ್ನಡದ ‘ತೂಗಿ ನೋಡು’ ಎಂಬ ನುಡಿಗಟ್ಟಿನಲ್ಲಿ ಕಣ್ಣೂ ಇದೆ, ತಕ್ಕಡಿಯೂ ಇದೆ.

ವ್ಯಾಕರಣದ ದೃಷ್ಟಿಯಿಂದಲೂ ಕನ್ನಡ ವಿದ್ಯಾರ್ಥಿಗೆ ಒಂದು ಸೌಕರ್ಯವಿದೆ. ಇಂಗ್ಲಿಷಿನಲ್ಲಿ ‘ಫ್ರಾಜೈಲ್’, ‘ಫ್ರೇಲ್’ ಎಂಬ ಎರಡು ಶಬ್ದಗಳಿವೆ. ‘ಪಾಪರ್’, ‘ಪೂರ್’ ಎಂಬ ಎರಡಿವೆ. ‘ಸೆಕ್ಯೂರ್’, ‘ಶೂರ್’ ಎಂಬ ಎರಡಿವೆ. ಪ್ರತಿಯೊಂದು ಜೋಡಿಗೂ ಲ್ಯಾಟಿನ್ ಮೂಲ ಒಂದೇ. ಒಂದು ಶಬ್ದ ಪಂಡಿತರ ಲೇಖನಿಯಿಂದ ಬಹುಮಟ್ಟಿಗೆ ಇದ್ದ ರೂಪದಲ್ಲೇ ಬಂದುದು. ಇನ್ನೊಂದು ೧೦೬೬ರ ನಾರ್ಮನ್ ವಿಜಯದ ತರುವಾಯ ಫ್ರೆಂಚರ ಬಾಯಲ್ಲಿ ಸವೆದು ಬಂದುದು. ಇದನ್ನು ವಿವರಿಸಲು ಇಂಗ್ಲಿಷ್ ಪಠ್ಯಗಳು ಪುಟಗಟ್ಟಲೆ ಬರೆಯುತ್ತವೆ. ವಿದ್ಯೆ-ಬಿಜ್ಜೆ, ವರ್ಣ-ಬಣ್ಣ, ಕಾರ್ಯ-ಕಜ್ಜಗಳನ್ನು ಕಲಿತ ಕನ್ನಡ ವಿದ್ಯಾರ್ಥಿಗೆ ತತ್ಸಮ, ತದ್ಭವ ಎಂಬ ಎರಡು ಮಾತುಗಳೇ ಸಾಕು. ಏಳುನೂರು ವರ್ಷಗಳ ಹಿಂದಿನ ಕೇಶಿರಾಜನ ಅಳತೆಗೋಲು ಇಂಗ್ಲಿಷಿನ ಪದಸಂಪತ್ತನ್ನೂ ಅಳೆಯಬಲ್ಲುದು. ಮನೆಯಲ್ಲಿ ಕನ್ನಡ ವ್ಯಾಕರಣವನ್ನು ಕಲಿಸಿದರೆ ಇಂಗ್ಲಿಷಿಗೆ ಅಡ್ಡಿಯಾದೀತೆಂದು ಹೆದರುವ ತಂದೆತಾಯಿಗಳಿಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

೩

ಇನ್ನು ದೋಷಗಳ ವಿಚಾರ. ಶಬ್ದಮೂಲದ ಹೆಸರಿನಲ್ಲಿ ಹರಡುವ ಕಥೆಗಳಲ್ಲಿ ಕೆಲವು ಮನೋಹರವಾಗಿವೆ, ಸತ್ಯವಾಗಿಲ್ಲ. ‘ಸಿನ್ಸಿಯರ್’ ಎಂದರೆ ‘ಮೇಣವಿಲ್ಲದ್ದು’, ವಿಗ್ರಹದ ಬಿರುಕನ್ನು ಮೇಣದಿಂದ ಮುಚ್ಚದ ಪ್ರಾಮಾಣಿಕ ಶಿಲ್ಪಿಯಿಂದ ಬಂದ ಮಾತು ಎಂಬುದು ಇಂಥದೊಂದು. ‘ಸಿಂಕೇರುಸ್’ ಎಂಬುದಕ್ಕೆ ಶುದ್ಧ, ಬೆರಕೆಯಿಲ್ಲದ್ದು ಎಂಬರ್ಥವಿತ್ತು. ಮೇಣದ ಕಥೆಗೆ ಆಧಾರವಿಲ್ಲ. ರೋಮಿನ ಸಿಪಾಯಿಗಳಿಗೆ ಉಪ್ಪನ್ನೇ ಸಂಬಳವಾಗಿ ಅಳೆದು ಕೊಡುತ್ತಿದ್ದರು, ಅದರಿಂದಲೇ ‘ಸ್ಯಾಲರಿ’ ಎಂಬುದು ಇನ್ನೊಂದು. ‘ಸಾಲಾರಿಯುಂ’ ಎಂಬ ಶಬ್ದಕ್ಕೆ ಉಪ್ಪಿನೊಡನೆ ನಂಟಿರುವುದು ನಿಜ. ಪ್ರಥಮ ಶತಮಾನದ ಪ್ಲಿನಿಯೂ ಆ ನಂಟನ್ನು ಹೇಳುತ್ತಾನೆ. ಉಪ್ಪನ್ನೇ ಸಂಬಳವಾಗಿ ಕೊಟ್ಟರೆಂಬುದು ಮಾತ್ರ ಮುಂದಿನವರು ಸೇರಿಸಿದ ಒಗ್ಗರಣೆ.

ಸದ್ದಿನ ಹೋಲಿಕೆಯನ್ನು ನಂಬಿ ಮೋಸಹೋಗುವುದು ಮತ್ತೊಂದು ಬಗೆಯ ತಪ್ಪು. ‘ಪೆನ್’, ‘ಪೆನ್ಸಿಲ್’ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಮೂಲದಲ್ಲಿ ಅವುಗಳಿಗೆ ಸಂಬಂಧವಿಲ್ಲ. ಮೊದಲನೆಯದು ‘ಪೆನ್ನಾ’, ಹಕ್ಕಿಯ ಗರಿ. ಎರಡನೆಯದು ‘ಪೇನಿಕಿಲ್ಲುಸ್’, ಪುಟ್ಟ ಬಾಲ, ಅದರಂತಿರುವ ಚಿತ್ರಕಾರನ ಕುಂಚ. ‘ಕ್ಯಾಲ್ಕ್ಯುಲೇಟ್’ ಎಂಬುದು ‘ಕಾಲ್ಕುಲುಸ್’, ಎಂದರೆ ಎಣಿಸಲು ಬಳಸುವ ಹರಳುಕಲ್ಲಿನಿಂದ ಬಂದುದು. ವೈದ್ಯರು ಮೂತ್ರಪಿಂಡದ ಕಲ್ಲಿಗೂ ಇದೇ ಹೆಸರನ್ನು ಹೇಳುತ್ತಾರೆ. ಇಷ್ಟನ್ನು ಕೇಳಿದೊಡನೆ ‘ಕಲ್ಲು’, ‘ಕಾಲ್ಕುಲುಸ್’ ಎರಡೂ ಒಂದೇ ಎಂದು ಉತ್ಸಾಹಿಯೊಬ್ಬನು ಕುಣಿದಾನು. ಅದು ಆಕಸ್ಮಿಕ. ಎರಡು ಭಾಷೆಗಳ ಬಾಂಧವ್ಯವನ್ನು ನಿರ್ಧರಿಸುವುದು ಒಂದು ಶಬ್ದದ ಹೋಲಿಕೆಯಿಂದಲ್ಲ. ಧ್ವನಿಗಳ ಬದಲಾವಣೆ ಒಂದು ನಿಯಮಕ್ಕೆ ಒಳಪಟ್ಟು ಶಬ್ದಶಬ್ದದಲ್ಲಿಯೂ ಮರುಕಳಿಸಬೇಕು.

ಈ ನಿಯಮವನ್ನು ಮರೆತವರೇ ‘ಇಂಗ್ಲಿಷೆಲ್ಲ ಸಂಸ್ಕೃತದಿಂದಲೇ ಹುಟ್ಟಿತು’ ಎಂದು ಸಾರುವವರು. ೧೭೮೬ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸ್ ಹೇಳಿದ್ದು ಬೇರೆ: ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳು ಬಹುಶಃ ಈಗ ಉಳಿಯದಿರುವ ಒಂದು ಸಾಮಾನ್ಯ ಮೂಲದಿಂದ ಬಂದಿರಬೇಕೆಂದು. ‘ಮಾತೃ’ವಿನಿಂದ ‘ಮದರ್’ ಬರಲಿಲ್ಲ. ಇಬ್ಬರೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು. ೧೮೧೬ರಲ್ಲಿ ಎಫ್. ಡಬ್ಲ್ಯು. ಎಲ್ಲಿಸ್, ೧೮೫೬ರಲ್ಲಿ ಕಾಲ್ಡ್ವೆಲ್ ತೋರಿಸಿಕೊಟ್ಟಂತೆ ಕನ್ನಡವು ಆ ಮನೆತನದ್ದಲ್ಲ, ದ್ರಾವಿಡ ಕುಲದ್ದು. ಲ್ಯಾಟಿನ್ನಿಗೆ ಕನ್ನಡ ನೆಂಟನಲ್ಲ, ನೆರೆಯವನು. ನೆಂಟಸ್ತಿಕೆಯನ್ನು ಕಲ್ಪಿಸಿಕೊಳ್ಳದೆಯೂ ನೆರೆಯವನ ಮಾತನ್ನು ಅರ್ಥಮಾಡಿಕೊಳ್ಳಬಹುದು. ಹಿಂದಿನ ಭಾಗದಲ್ಲಿ ಕಂಡ ಸಾಲು, ದಾಯಾದಿ, ತಕ್ಕಡಿಗಳು ಅದನ್ನೇ ತೋರುತ್ತವೆ.

೪

ಮೂಲವೇ ನಿಜವಾದ ಅರ್ಥವೆಂಬ ನಂಬಿಕೆಯು ಈ ಕಥೆಗಳಿಗಿಂತಲೂ ಆಳವಾದ ದೋಷ. ಅದು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಕನ್ನಡದ ಒಂದು ಗೌರವಾನ್ವಿತ ಶಬ್ದವೇ ಸಾಕ್ಷಿ. ‘ಯೂನಿವರ್ಸಿಟಿ’ ಎಂಬುದನ್ನು ‘ವಿಶ್ವವಿದ್ಯಾಲಯ’ವೆಂದು ಕರೆದಾಗ ‘ಯೂನಿವರ್ಸ್’ ಎಂಬುದರ ನೆನಪು ಅದರಲ್ಲಿ ಕೆಲಸ ಮಾಡಿದೆ. ಮಧ್ಯಯುಗದ ಯೂರೋಪಿನಲ್ಲಿ ‘ಊನಿವೆರ್ಸಿತಾಸ್’ ಎಂದರೆ ವಿಶ್ವವೂ ಅಲ್ಲ, ವಿದ್ಯೆಯೂ ಅಲ್ಲ. ಒಂದಾಗಿ ಕೂಡಿದ ಸಂಘ. ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಹಕ್ಕುಗಳ ರಕ್ಷಣೆಗಾಗಿ ಕಟ್ಟಿಕೊಂಡ ಕೂಟಕ್ಕೆ ಅದು ಹೆಸರಾಯಿತು. ಮೂಲವೇ ಪ್ರಮಾಣವಾದರೆ ನಮ್ಮ ಶಬ್ದ ತಪ್ಪು. ಆದರೆ ಯಾರೂ ಅದನ್ನು ತಪ್ಪೆನ್ನಲಾರರು. ಅದರ ಅರ್ಥವನ್ನು ಕನ್ನಡಿಗರ ಬಳಕೆ ನಿರ್ಧರಿಸಿದೆ. ಸಕಲ ವಿದ್ಯೆಗಳಿಗೂ ಎಡೆಯುಳ್ಳ ಆಲಯವೆಂಬ ಆದರ್ಶವನ್ನೂ ಅದಕ್ಕೆ ಕೂಡಿಸಿದೆ. ಲ್ಯಾಟಿನ್ನಿನಲ್ಲಿರದ ಒಂದು ಅರ್ಥಸಂಪತ್ತು ಇಲ್ಲಿ ಹುಟ್ಟಿತು.

‘ಡಾಕ್ಟರ್’ ಎಂಬುದರ ಮೂಲಾರ್ಥ ಬೋಧಿಸುವವನು. ಹಾಗೆಂದು ರೋಗಿಯು ಔಷಧಕ್ಕೆ ಬದಲಾಗಿ ಪಾಠವನ್ನು ಕೇಳುವುದಿಲ್ಲ. ಕನ್ನಡನಾಡಿನಲ್ಲಿಯೂ ವಿದ್ವಾಂಸನಿಗೆ ಸಲ್ಲುವ ‘ಪಂಡಿತರು’ ಎಂಬ ಮಾತು ಆಯುರ್ವೇದದ ವೈದ್ಯರಿಗೆ ಸಂದಿತು. ಓದು ಬಲ್ಲವನು ನಾಡಿ ಬಲ್ಲವನಾದುದು ಎರಡು ಕಡೆಯೂ ಒಂದೇ ರೀತಿ. ರೋಮಿನಲ್ಲಿ ಪದವಿಗಾಗಿ ಮತ ಕೇಳುವವನು ಬೆಳ್ಳಗೆ ಮಾಡಿದ ನಿಲುವಂಗಿಯನ್ನು ಉಡುತ್ತಿದ್ದುದರಿಂದ ‘ಕ್ಯಾಂಡಿಡೇಟ್’ ಎಂಬ ಹೆಸರು. ನಮ್ಮ ‘ಅಭ್ಯರ್ಥಿ’ ಬೇಡುವವನು. ಒಂದು ಭಾಷೆ ಉಡುಪನ್ನು ಕಂಡಿತು, ಇನ್ನೊಂದು ಚಾಚಿದ ಕೈಯನ್ನು ಕಂಡಿತು. ಎರಡೂ ಈಗ ಒಬ್ಬನೇ ಮನುಷ್ಯನನ್ನು ಸೂಚಿಸುತ್ತವೆ. ಮೂಲವು ಶಬ್ದ ನಡೆದು ಬಂದ ದಾರಿಯನ್ನು ಹೇಳುತ್ತದೆ. ಅದು ಈಗ ನಿಂತಿರುವ ಮನೆಯ ವಿಳಾಸವನ್ನು ಬಳಕೆಯೇ ಹೇಳಬೇಕು. ಕನ್ನಡದಲ್ಲಿ ಪಾರಿಭಾಷಿಕ ಶಬ್ದಗಳನ್ನು ಟಂಕಿಸುವವರು ಈ ವಿವೇಕವನ್ನು ಮರೆತಾಗ, ಲ್ಯಾಟಿನ್ ಧಾತುವಿಗೆ ಸಂಸ್ಕೃತಧಾತುವನ್ನು, ಉಪಸರ್ಗಕ್ಕೆ ಉಪಸರ್ಗವನ್ನು ಜೋಡಿಸಿದ, ಯಾರ ಬಾಯಿಗೂ ಹತ್ತದ ಶಬ್ದಗಳು ಹುಟ್ಟುತ್ತವೆ. ಹೊಲದಲ್ಲಿ ‘ಗೆಣ್ಣು’ ಎಂಬಂಥ ಮಾತು ಇದ್ದೂ ಅದನ್ನು ಬಿಟ್ಟು ಬೇರೆ ಶಬ್ದವನ್ನು ಟಂಕಿಸಹೊರಟರೆ ಅದು ಇಂಥ ಮರೆವಿನ ಫಲ.

೫

ವಲಸೆ ಬಂದ ಕನ್ನಡಿಗರಿಗೆ ಈ ಚರ್ಚೆ ಹತ್ತಿರವಾಗುವ ಸ್ಥಳಕ್ಕೆ ಈಗ ಬರಬಹುದು. ಮುಂಬಯಿಯ ಕನ್ನಡ ಕೆಟ್ಟುಹೋದ ಕನ್ನಡವೆಂಬ ಆಕ್ಷೇಪಣೆ ಹಳೆಯದು. ‘ಪಗಾರ’, ‘ಚಾವಿ’, ‘ತುರಂಗ’ ಮುಂತಾದ ಶಬ್ದಗಳನ್ನು ಮರಾಠಿಯ ಮೈಲಿಗೆಯೆಂದು ಎಣಿಸಿ ಅವುಗಳಿಗೆ ‘ಸಂಬಳ’, ‘ಬೀಗದ ಕೈ’, ‘ಸೆರೆಮನೆ’ ಎಂದು ತಿದ್ದುಪಡಿ ಹೇಳುವವರಿದ್ದಾರೆ. ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳ ಕನ್ನಡದಲ್ಲಿ ಇವು ತಲೆಮಾರುಗಳಿಂದ ಬಳಕೆಯಲ್ಲಿವೆ. ಅವುಗಳ ಮೂಲವನ್ನು ಹುಡುಕಿದರೆ ದಾರಿ ಮರಾಠಿಯನ್ನೂ ದಾಟಿ ಹೋಗುತ್ತದೆ.

ವಸಯಿಯ ಪ್ರಾಂತ ೧೫೩೪ರಲ್ಲಿ ಪೋರ್ಚುಗೀಸರ ವಶವಾಯಿತು. ವಸಯಿಯ ಕೋಟೆ ೧೭೩೯ರಲ್ಲಿ ಮರಾಠರಿಗೆ ಸೋತಿತು. ಬೇಲಾಪುರದ ಕೋಟೆಯೂ ಆ ಅವಧಿಯಲ್ಲಿ ಕೆಲಕಾಲ ಪೋರ್ಚುಗೀಸರ ಕೈಯಲ್ಲಿತ್ತು. ಗೋವೆಯಲ್ಲಿ ಅವರ ಆಳ್ವಿಕೆ ೧೯೬೧ರವರೆಗೂ ನಡೆಯಿತು. ಪೋರ್ಚುಗೀಸು ಲ್ಯಾಟಿನ್ನಿನ ಸಾಕ್ಷಾತ್ ಪುತ್ರಿ. ಇಂಗ್ಲಿಷಿನ ಮೂಲಕ ಲ್ಯಾಟಿನ್ ಶಬ್ದಗಳು ನಮ್ಮ ಶಾಲೆಗೆ ಬರುವುದಕ್ಕೆ ಬಹು ಮುಂಚೆಯೇ ಈ ಪುತ್ರಿಯ ಮೂಲಕ ಅವು ಪಡುವಣ ಕರಾವಳಿಯ ಸಂತೆಗೂ ಅಡುಗೆಮನೆಗೂ ಬಂದಿದ್ದವು. ಗೋವೆಯ ಪಾದ್ರಿ ಸೆಬಾಸ್ತಿಯಾಂವ್ ರೊದೊಲ್ಫೊ ದಾಲ್ಗಾದೊ ೧೯೧೩ರಲ್ಲಿ ಪ್ರಕಟಿಸಿದ, ಏಷ್ಯದ ಭಾಷೆಗಳ ಮೇಲೆ ಪೋರ್ಚುಗೀಸು ಶಬ್ದಗಳ ಪ್ರಭಾವವನ್ನು ಕುರಿತ ಗ್ರಂಥ ಈ ವಿಷಯದಲ್ಲಿ ಪ್ರಮಾಣಭೂತವಾದುದು. ಅದರ ಇಂಗ್ಲಿಷ್ ಅನುವಾದ ೧೯೩೬ರಲ್ಲಿ ಬಡೋದೆಯಿಂದ ಹೊರಬಂದಿತು.

‘ಪಗಾರ’ವು ಪೋರ್ಚುಗೀಸಿನ ‘ಪಗಾರ್’. ಅದರ ತಾಯಿ ಲ್ಯಾಟಿನ್ನಿನ ‘ಪಾಕಾರೆ’, ಸಮಾಧಾನಗೊಳಿಸು. ಅಜ್ಜಿ ‘ಪಾ‌ಕ್ಸ್’, ಶಾಂತಿ. ಕೊಡಬೇಕಾದುದನ್ನು ಕೊಟ್ಟು ಕೇಳುವವನನ್ನು ಶಾಂತಗೊಳಿಸುವುದೇ ಪಗಾರ. ಇಂಗ್ಲಿಷಿನ ‘ಪೇ’ ಎಂಬುದು ಫ್ರೆಂಚಿನ ದಾರಿಯಾಗಿ ಬಂದ ಅದರ ಒಡಹುಟ್ಟು. ‘ಪೇಮೆಂಟ್ ಆಯಿತು’ ಎನ್ನುವವನು ಸುಶಿಕ್ಷಿತ, ‘ಪಗಾರ ಆಯ್ತು’ ಎನ್ನುವವನು ಅಶುದ್ಧಭಾಷಿ ಎಂಬ ತೀರ್ಪಿಗೆ ಭಾಷಾಶಾಸ್ತ್ರದಲ್ಲಿ ಆಧಾರವಿಲ್ಲ. ಅದಕ್ಕೆ ಆಧಾರ ಸಮಾಜದ ಮೆಟ್ಟಿಲುಗಳಲ್ಲಿದೆ.

‘ಮೇಸ್ತ್ರಿ’ಯ ವಂಶವೃಕ್ಷ ಈ ಮೆಟ್ಟಿಲುಗಳನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಲ್ಯಾಟಿನ್ನಿನ ‘ಮಗಿಸ್ತೆರ್’ ಎಂದರೆ ಮೇಲಿನವನು, ಒಡೆಯ, ಗುರು. ಪೋರ್ಚುಗೀಸಿನ ‘ಮೆಸ್ತ್ರೆ’ಯಾಗಿ ಬಂದು ಅದು ಗಾರೆ ಕೆಲಸದವರ ಮೇಸ್ತ್ರಿಯಾಯಿತು, ಇಂಗ್ಲಿಷಿನ ‘ಮಾಸ್ಟರ್’ ಆಗಿ ಬಂದು ಉತ್ತರ ಕರ್ಣಾಟಕದ ಶಾಲೆಯ ಮಾಸ್ತರರಾಯಿತು, ಅದೇ ಮೂಲದ ಇನ್ನೊಂದು ರೂಪ ನ್ಯಾಯಪೀಠದಲ್ಲಿ ಮ್ಯಾಜಿಸ್ಟ್ರೇಟ್ ಆಗಿ ಕುಳಿತಿತು. ಮೂವರೂ ಒಬ್ಬನೇ ಅಜ್ಜನ ಮೊಮ್ಮಕ್ಕಳು. ಜಗತ್ತು ಅವರಿಗೆ ಕೊಟ್ಟ ಆಸನಗಳು ಬೇರೆ ಬೇರೆ.

‘ತುರಂಗ’ದ ಕಥೆ ಇನ್ನೂ ಎಚ್ಚರಿಕೆಯನ್ನು ಬೇಡುತ್ತದೆ. ಸಂಸ್ಕೃತವನ್ನು ಬಲ್ಲವನಿಗೆ ತುರಂಗವೆಂದರೆ ಕುದುರೆ. ಸೆರೆಮನೆಗೆ ಆ ಹೆಸರು ಬಂದುದಕ್ಕೆ ಕುದುರೆಲಾಯವನ್ನು ಕಾರಣವಾಗಿ ಕಲ್ಪಿಸುವುದು ಸುಲಭ, ಆದರೆ ಸುಳ್ಳು. ಪೋರ್ಚುಗೀಸಿನ ‘ತ್ರೊಂಕೊ’ ಎಂದರೆ ಮರದ ಬೊಡ್ಡೆ, ಅಪರಾಧಿಯ ಕಾಲುಗಳನ್ನು ಸಿಕ್ಕಿಸುವ ಮರದ ದಿಮ್ಮಿ, ಅದರಿಂದ ಸೆರೆಮನೆ. ಅದಕ್ಕೆ ಮೂಲ ಲ್ಯಾಟಿನ್ನಿನ ‘ತ್ರುಂಕುಸ್’. ಇಂಗ್ಲಿಷಿನ ‘ಟ್ರಂಕ್’ ಸಹ ಇದೇ. ಮರದ ಬೊಡ್ಡೆಯಿಂದ ಪೆಟ್ಟಿಗೆಗೆ ಹೆಸರು ಬಂದಿತು. ಊರು ಬಿಟ್ಟು ಬಂದ ಕನ್ನಡಿಗನು ಜೊತೆಗೆ ತಂದ ಕಬ್ಬಿಣದ ಟ್ರಂಕೂ ಅವನು ಕಾಲಿಡಲು ಹೆದರುವ ತುರಂಗವೂ ಒಂದೇ ಮರದಿಂದ ಕಡಿದು ಬಂದವು.

ಮುಂಬಯಿಯ ‘ಪಾವ್’ ಎಂಬುದೂ ಇಂಥದೇ. ನಾಲ್ಕನೆಯ ಒಂದು ಭಾಗವೆಂಬ ಅರ್ಥದ ‘ಪಾವ್’ ಎಂಬ ಮಾತಿನಿಂದಲೋ, ಹಿಟ್ಟನ್ನು ಪಾದದಿಂದ ತುಳಿದು ನಾದುತ್ತಿದ್ದರೆಂಬ ಕಾರಣದಿಂದಲೋ ಅದು ಬಂದಿತೆಂದು ಹೇಳುವವರಿದ್ದಾರೆ. ಅದು ಪೋರ್ಚುಗೀಸಿನ ‘ಪಾಂವ್’, ಲ್ಯಾಟಿನ್ನಿನ ‘ಪಾನಿಸ್’, ಎಂದರೆ ರೊಟ್ಟಿ. ಒಟ್ಟಿಗೆ ರೊಟ್ಟಿ ತಿನ್ನುವವರ ಕೂಟಕ್ಕೆ ‘ಕಂಪನಿ’ ಎಂದು ಹೆಸರಾಯಿತು. ನಾಟಕ ಕಂಪನಿ, ಕಂಪನಿ ಸರ್ಕಾರ, ಇಂದಿನ ಕಂಪನಿಯ ನೌಕರಿ ಎಲ್ಲದರ ಒಳಗೂ ಈ ಪಾವ್ ಅಡಗಿದೆ. ಆದರೆ ಪ್ರತಿಯೊಂದು ಶಬ್ದಕ್ಕೂ ಇಷ್ಟು ನಿಶ್ಚಿತವಾದ ವಂಶಾವಳಿ ದೊರೆಯದೆಂಬುದನ್ನು ನೆನಪಿಡಬೇಕು. ‘ಮೇಜು’ ಪೋರ್ಚುಗೀಸಿನ ‘ಮೆಜ಼’ದಿಂದ ಬಂದಿತೆಂದು ಹೇಳುವಾಗ ಪಾರಸಿಯಲ್ಲಿಯೂ ‘ಮೇಜ಼್’ ಎಂಬ ಶಬ್ದವಿರುವುದನ್ನು ಮರೆಯಲಾಗದು. ಸಂಶಯವಿರುವಲ್ಲಿ ಸಂಶಯವನ್ನು ಉಳಿಸಿಕೊಳ್ಳುವುದೂ ಶಾಸ್ತ್ರವೇ.

೬

ಶಬ್ದಗಳ ವ್ಯಾಪಾರ ಒಮ್ಮುಖವಾದುದಲ್ಲ. ಪ್ರಥಮ ಶತಮಾನದ ಗ್ರೀಕ್ ನಾವಿಕಗ್ರಂಥವಾದ ‘ಪೆರಿಪ್ಲಸ್’ ಎಂಬುದರಲ್ಲಿ ‘ಕಲ್ಲಿಯೇನ’ ಎಂಬ ರೇವುಪಟ್ಟಣದ ಉಲ್ಲೇಖವಿದೆ. ಅದು ಇಂದು ಲೋಕಲ್ ರೈಲುಗಳು ಬಂದು ಸೇರುವ ಕಲ್ಯಾಣವೇ, ಬಸವಣ್ಣನವರ ಕಲ್ಯಾಣವಲ್ಲ. ಈ ಕರಾವಳಿಗೆ ಬಂದು ಹೋಗುತ್ತಿದ್ದ ಹಡಗುಗಳು ಸರಕಿನೊಡನೆ ಹೆಸರನ್ನೂ ಹೊತ್ತೊಯ್ದವು. ಸಂಸ್ಕೃತದ ‘ಪಿಪ್ಪಲೀ’, ಕನ್ನಡದ ಹಿಪ್ಪಲಿ, ಗ್ರೀಕಿನ ಮೂಲಕ ಲ್ಯಾಟಿನ್ನಿನ ‘ಪಿಪೆರ್’ ಆಗಿ ಇಂಗ್ಲಿಷಿನ ‘ಪೆಪ್ಪರ್’ ಆಯಿತು. ಪ್ಲಿನಿಯು ತನ್ನ ಕಾಲದ ಧಾರಣೆಯನ್ನು ಬರೆದಿಟ್ಟಿದ್ದಾನೆ: ಒಂದು ರಾತ್ತಲು ಹಿಪ್ಪಲಿಗೆ ೧೫ ದೆನಾರಿ, ಬಿಳಿಯ ಮೆಣಸಿಗೆ ೭, ಕರಿಯ ಮೆಣಸಿಗೆ ೪. ವರ್ಷಕ್ಕೆ ಐದು ಕೋಟಿ ಸೆಸ್ತೆರ್ಸಿ ನಾಣ್ಯಗಳನ್ನು ಹಿಂದೂದೇಶವು ರೋಮಿನಿಂದ ಸೆಳೆಯುತ್ತಿದೆಯೆಂದು ಅವನು ಗೊಣಗಿದ್ದೂ ಪ್ರಸಿದ್ಧ. ಮುಂದೆ ಪೋರ್ಚುಗೀಸರು ಅಮೆರಿಕದ ಹೊಸ ಕಾಯಿಯನ್ನು ತಂದಾಗ ಇಂಗ್ಲಿಷರು ಅದಕ್ಕೂ ‘ಪೆಪ್ಪರ್’ ಎಂದರು. ಕನ್ನಡಿಗರು ‘ಮೆಣಸಿನಕಾಯಿ’ ಎಂದರು. ಹಳೆಯ ಖಾರದ ಹೆಸರನ್ನು ಹೊಸ ಖಾರಕ್ಕೆ ಹೊದಿಸುವುದರಲ್ಲಿ ಎರಡು ಭಾಷೆಗಳೂ ಒಂದೇ ಬುದ್ಧಿಯನ್ನು ತೋರಿದವು.

‘ಜಿಂಜರ್’ ಎಂಬುದು ಇನ್ನೂ ಹತ್ತಿರದ್ದು. ಲ್ಯಾಟಿನ್ನಿನ ‘ಝಿಂಗಿಬೆರ್’, ಗ್ರೀಕಿನ ‘ಝಿಂಗಿಬೆರಿಸ್’, ಪಾಳಿಯ ‘ಸಿಂಗಿವೇರ’ ಎಂದು ಹಿಂದೆ ಹಿಂದೆ ಹೋದರೆ ತಮಿಳು ಮಲಯಾಳಗಳ ‘ಇಂಜಿ’ಗೂ ‘ವೇರ್’ ಎಂಬ ದ್ರಾವಿಡ ಶಬ್ದಕ್ಕೂ ಬಂದು ನಿಲ್ಲುತ್ತೇವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ‘ವೇರ್’ ಎಂಬುದು ಕನ್ನಡದಲ್ಲಿ ‘ಬೇರು’. ಶಬ್ದಗಳ ಬೇರನ್ನು ಲ್ಯಾಟಿನ್ನಿನಲ್ಲಿ ಹುಡುಕಲು ಹೊರಟವನಿಗೆ ಲ್ಯಾಟಿನ್ ಶಬ್ದದ ಬಾಲದಲ್ಲಿ ತನ್ನ ಹಿತ್ತಿಲ ‘ಬೇರು’ ದೊರೆಯಿತು. ಇದೇ ಹುಮ್ಮಸ್ಸಿನಲ್ಲಿ ‘ರೈಸ್’ ಎಂಬುದಕ್ಕೆ ಮೂಲವಾದ ‘ಒರೀಝಾ’ ತಮಿಳಿನ ‘ಅರಿಸಿ’, ಕನ್ನಡದ ‘ಅಕ್ಕಿ’ಗಳಿಂದಲೇ ಬಂದಿತೆಂದು ಘೋಷಿಸುವವರಿದ್ದಾರೆ, ಅಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಶುಂಠಿಯಲ್ಲಿ ಗೆದ್ದವನು ಅಕ್ಕಿಯಲ್ಲಿಯೂ ಗೆದ್ದೆನೆಂದು ಸಾರಬಾರದು.

ಮೇಲಿನ ವಿವೇಚನೆಯಿಂದ ಮೂರು ಮಾತುಗಳು ಸಿದ್ಧವಾಗುತ್ತವೆ. ಲ್ಯಾಟಿನ್ ಮೂಲವು ಶಬ್ದದ ಕೊನೆಯ ನೆಲೆಯಲ್ಲ, ದಾರಿಯಲ್ಲಿನ ಒಂದು ತಂಗುದಾಣ. ಅದರ ಆಚೆಗೆ ಗ್ರೀಕು, ಅರಬ್ಬಿ, ಸಂಸ್ಕೃತ, ದ್ರಾವಿಡಗಳೂ ಇರಬಹುದು. ಮೂಲವನ್ನು ತಿಳಿದುದರಿಂದ ಶಬ್ದಗಳ ಬಾಂಧವ್ಯ ತಿಳಿಯುತ್ತದೆ. ಅರ್ಥವನ್ನು ಮಾತ್ರ ಬಳಕೆಯಿಂದಲೇ ಕಲಿಯಬೇಕು. ಶುದ್ಧಾಶುದ್ಧದ ತೀರ್ಪಿಗೆ ಮೂಲವನ್ನು ಸಾಕ್ಷಿಗೆ ಕರೆದರೆ ಅದು ಯಾರ ಪಕ್ಷವನ್ನೂ ವಹಿಸುವುದಿಲ್ಲ. ‘ಕೇಂದ್ರ’ ಶುದ್ಧವಾದರೆ ‘ಪಗಾರ’ವೂ ಶುದ್ಧ, ‘ಪಗಾರ’ ಮೈಲಿಗೆಯಾದರೆ ‘ಕೇಂದ್ರ’ಕ್ಕೂ ಆ ಮೈಲಿಗೆ ತಪ್ಪದು.

ಇಂಗ್ಲಿಷಿನಲ್ಲಿ ಓದುವ ಮಗುವಿಗೆ ಇಂಗ್ಲಿಷ್ ಶಬ್ದದ ಅಂತರಂಗವನ್ನು ತೆರೆದು ತೋರುವ ಕೆಲಸವನ್ನು ಮನೆಯ ಕನ್ನಡ ಮಾಡಬಲ್ಲುದು. ‘ವರ್ಸ್’ ಎಂಬುದನ್ನು ಸಾಲಿನಿಂದ, ‘ರೈವಲ್’ ಎಂಬುದನ್ನು ದಾಯಾದಿಯಿಂದ, ‘ನೋಡ್’ ಎಂಬುದನ್ನು ಗೆಣ್ಣಿನಿಂದ ತಿಳಿದ ಮಗು ಎರಡು ಭಾಷೆಗಳನ್ನು ಏಕಕಾಲದಲ್ಲಿ ಕಲಿಯುತ್ತದೆ. ಅಂಥ ಮಗುವಿಗೆ ಕನ್ನಡವು ಹಬ್ಬದ ದಿನ ಮಾತ್ರ ಹೊರತೆಗೆಯುವ ಹಳೆಯ ರೇಶಿಮೆಯ ಬಟ್ಟೆಯಾಗಿ ಉಳಿಯುವುದಿಲ್ಲ. ಉಳಿದೆಲ್ಲ ಭಾಷೆಗಳನ್ನು ತೂಗಿ ನೋಡುವ ತಕ್ಕಡಿಯಾಗುತ್ತದೆ. ಹೊರನಾಡಿನಲ್ಲಿ ಕನ್ನಡ ಉಳಿಯುವುದು ಅಭಿಮಾನದ ಘೋಷಣೆಗಳಿಂದಲೋ, ಇಂಥ ದಿನಬಳಕೆಯ ವಿಚಾರದಿಂದಲೋ ಎಂಬುದನ್ನು ಕನ್ನಡ ಕುಟುಂಬಗಳೂ ಸಂಘಗಳೂ ತೂಗಿ ನೋಡಬೇಕಾಗಿದೆ.